ಸೆರೆಯಾಳಿನ ಧರ್ಮ, ಪತ್ರಿಕೆಯ ಧರ್ಮ

ಎಲೆಕ್ಟ್ರಾನಿಕ್ ಸಿಟಿಯೆಂದು ಇಂದು ದೇಶವಿದೇಶಗಳಲ್ಲಿ ಹೆಸರಾಗಿರುವ ಪ್ರದೇಶವು ಐವತ್ತು ವರ್ಷಗಳ ಕೆಳಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಹೊಲನೆಲವಾಗಿತ್ತೆಂಬುದನ್ನು ವಾಚಕರಲ್ಲಿ ಹಿರಿಯರಾದವರು ಬಲ್ಲರು. ಈಗ ಅಲ್ಲಿ ಹಗಲಿರುಳೆನ್ನದೆ ಲೋಕದ ವ್ಯವಹಾರವು ನಡೆಯುತ್ತಿದೆ. ಜಗತ್ತಿನ ಯಾವ ಮೂಲೆಯಲ್ಲಿ ಏನು ನಡೆದರೂ ಅದರ ವರ್ತಮಾನವು ಅಲ್ಲಿಯ ನೌಕರನ ಅಂಗೈಯ ದೂರವಾಣಿಗೆ ಕ್ಷಣಮಾತ್ರದಲ್ಲಿ ಬಂದು ಮುಟ್ಟುತ್ತದೆ. ಆ ಊರಿಗೆ ಕೆಲವೇ ಮೈಲಿಗಳ ಅಂತರದಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವಿದೆ. ಅದರ ಗೋಡೆಯ ಒಳಗೆ ನಡೆದುದು ಹೊರಗೆ ಬರಬೇಕಾದರೆ ಎಷ್ಟೋ ದಿನಗಳು ಬೇಕು. ಬಂದರೂ ಅದು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ನಿರ್ಣಯಿಸುವ ಮಾರ್ಗವು ಸಾಮಾನ್ಯ ಪ್ರಜೆಗೆ ಇಲ್ಲ. ಸುದ್ದಿಗೆ ಬಾಗಿಲೇ ಇಲ್ಲದ ಊರೊಂದು, ಬಾಗಿಲು ತೆರೆಯದ ಮನೆಯೊಂದು, ಇವೆರಡೂ ಹೀಗೆ ನೆರೆಹೊರೆಯಾಗಿರುವ ಕಾಲದಲ್ಲಿ ಪತ್ರಿಕೆಗಳ ಹೊಣೆಯೇನು, ಸರಕಾರದವರ ಹೊಣೆಯೇನು ಎಂಬುದನ್ನು ಈ ದಿನ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಸುದ್ದಿಗಳಲ್ಲೆಲ್ಲ ಅತ್ಯಂತ ದಾಹಕವಾದುದು ಸೆರೆಯಾಳಿನ ಧರ್ಮಕ್ಕೆ ಅಪಚಾರವಾಯಿತೆಂಬ ಸುದ್ದಿ. ಇದಕ್ಕೆ ಎರಡು ಕಾರಣಗಳುಂಟು. ಸೆರೆ ಸಿಕ್ಕವನಿಂದ ಆಯುಧ, ಮನೆ, ಬಂಧುಬಳಗ, ಸ್ವಾತಂತ್ರ್ಯ ಇವೆಲ್ಲವನ್ನೂ ಕಸಿದುಕೊಂಡಾಗಿರುತ್ತದೆ. ಅವನ ಪಾಲಿಗೆ ಉಳಿದಿರುವುದು ಅವನ ದೇವರು ಮಾತ್ರ. ಅದಕ್ಕೂ ಕೈ ಹಾಕಿದರೆಂದರೆ ಮನುಷ್ಯಮಾತ್ರನಾದವನ ರಕ್ತವು ಕುದಿಯುವುದು ಸಹಜ. ಸುದ್ದಿಯನ್ನು ಓದಿದವನು ಸ್ಥಳಕ್ಕೆ ಹೋಗಿ ನೋಡಿ ಬರಲಾರನೆಂಬುದು ಎರಡನೆಯ ಕಾರಣ. ಆದುದರಿಂದ ಅವನು ಪತ್ರಿಕೆಯನ್ನು ನಂಬಬೇಕು. ಇಲ್ಲವೇ ಸೆರೆ ಹಿಡಿದವರನ್ನು ನಂಬಬೇಕು. ಇಬ್ಬರಲ್ಲಿಯೂ ವಿಶ್ವಾಸ ತಪ್ಪಿದಾಗ ಅವನು ನಂಬುವುದು ಬೀದಿಯ ಕೂಗನ್ನು.

ಈ ವಿಷಯದಲ್ಲಿ ಲೋಕಕ್ಕೆಲ್ಲ ಪಾಠವಾಗಿರತಕ್ಕ ಪ್ರಸಂಗವು 2005ನೆಯ ಇಸವಿಯಲ್ಲಿ ನಡೆಯಿತು. ಅಮೇರಿಕಾ ಸಂಯುಕ್ತ ಸಂಸ್ಥಾನದವರು ಆಫ್ಘಾನಿಸ್ತಾನದ ಯುದ್ಧದ ಅನಂತರ ತಾವು ಹಿಡಿದವರನ್ನು 2002ರ ಜನವರಿಯಿಂದ ಕ್ಯೂಬಾ ದ್ವೀಪದ ಗ್ವಾಂಟನಾಮೋ ಕೊಲ್ಲಿಯ ಸೇನಾಶಿಬಿರದಲ್ಲಿ ಇರಿಸತೊಡಗಿದ್ದರು. ಇವರು ಯುದ್ಧಕೈದಿಗಳಲ್ಲವೆಂದು ಹೇಳಿ ಜಿನೀವಾ ಒಪ್ಪಂದವು ಆ ಕೈದಿಗಳಿಗೆ ಕೊಡುವ ಸ್ಥಾನವನ್ನು ನಿರಾಕರಿಸಿದ್ದರು. 2005ರ ಮೇ 9ರ ದಿನಾಂಕವುಳ್ಳ ‘ನ್ಯೂಸ್‌ವೀಕ್’ ವಾರಪತ್ರಿಕೆಯ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಯಿತು. ವಿಚಾರಣೆ ಮಾಡುವವರು ಕೈದಿಗಳ ಮನಸ್ಸನ್ನು ಮುರಿಯುವುದಕ್ಕಾಗಿ ಕುರಾನಿನ ಪ್ರತಿಯೊಂದನ್ನು ಶೌಚದ ಕುಣಿಯಲ್ಲಿ ಹಾಕಿದರೆಂಬುದು ಸೇನೆಯ ವರದಿಯೊಂದರಲ್ಲಿ ನಮೂದಾಗಲಿದೆ ಎಂಬುದು ಅದರ ಸಾರ. ಈ ಮಾತಿಗೆ ಆಧಾರವು ಹೆಸರು ಹೇಳಲೊಲ್ಲದ ಒಬ್ಬ ಅಧಿಕಾರಿಯ ಹೇಳಿಕೆ. ಅಚ್ಚಿಗೆ ಮೊದಲು ಪತ್ರಿಕೆಯವರು ಟಿಪ್ಪಣಿಯ ಕರಡನ್ನು ರಕ್ಷಣಾ ಇಲಾಖೆಯ ಇನ್ನೊಬ್ಬ ಅಧಿಕಾರಿಗೆ ತೋರಿಸಿದರು. ಆತನು ಬೇರೊಂದು ಅಂಶವನ್ನು ತಿದ್ದಿ ಈ ಅಂಶದ ವಿಷಯದಲ್ಲಿ ಸುಮ್ಮನಿದ್ದನು. ಆ ಮೌನವನ್ನು ಪತ್ರಿಕೆಯು ಸಮ್ಮತಿಯೆಂದು ಭಾವಿಸಿತು.

ಮುಂದೆ ನಡೆದುದು ಚರಿತ್ರೆಗೆ ಸೇರಿದ ಮಾತು. ಪಾಕಿಸ್ತಾನದಲ್ಲಿ ಅಂದು ವಿರೋಧಪಕ್ಷದ ನಾಯಕರಲ್ಲೊಬ್ಬರಾಗಿದ್ದ ಇಮ್ರಾನ್ ಖಾನರು ಪತ್ರಕರ್ತರ ಸಭೆಯಲ್ಲಿ ಈ ಟಿಪ್ಪಣಿಯನ್ನು ಎತ್ತಿ ಹಿಡಿದರು. ಆಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಪ್ರದರ್ಶನಗಳಾಗಿ ಗೋಲಿಬಾರಾಯಿತು. ಗಲಭೆಯು ಇತರ ಊರುಗಳಿಗೆ ಹಬ್ಬಿ ಕನಿಷ್ಠಪಕ್ಷ 15 ಮಂದಿ ಸತ್ತರು. ಆಮೇಲೆ ಹೇಳಿಕೆ ಕೊಟ್ಟ ಅಧಿಕಾರಿಯು, ತಾನು ಅದನ್ನು ಆ ವರದಿಯಲ್ಲಿಯೇ ಕಂಡಿದ್ದೆನೆಂದು ಖಚಿತವಾಗಿ ಹೇಳಲಾರೆನೆಂದು ಹಿಂಜರಿದನು. ಮೇ 16ರಂದು ಪತ್ರಿಕೆಯು ಆ ಬರಹವನ್ನು ಹಿಂತೆಗೆದುಕೊಂಡಿತು. ಜೀವಗಳನ್ನು ಹಿಂತೆಗೆದುಕೊಳ್ಳುವ ಉಪಾಯವು ಯಾರಲ್ಲಿಯೂ ಇರಲಿಲ್ಲ.

ಇಲ್ಲಿಗೇ ಕಥೆಯನ್ನು ನಿಲ್ಲಿಸಿ, ನೋಡಿದಿರಾ, ಪತ್ರಿಕೆಗಳು ಎಷ್ಟು ಬೇಜವಾಬ್ದಾರಿಯವು, ಎಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಮೇರಿಕಾದ ಅಧ್ಯಕ್ಷರ ಕಾರ್ಯಾಲಯವು ಅದೇ ರಾಗವನ್ನು ಹಾಡಿತು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಗ್ವಾಂಟನಾಮೋ ಶಿಬಿರದ ಅಧಿಪತಿಯಾಗಿದ್ದ ಬ್ರಿಗೇಡಿಯರ್ ಜನರಲ್ ಜೇ ಹುಡ್ ಎಂಬವರು ವಿಚಾರಣೆ ನಡೆಸಿ 2005ರ ಜೂನ್ 3ರಂದು ಪ್ರಕಟಿಸಿದ ಫಲಿತಾಂಶವೇನು? ಶೌಚದ ಕುಣಿಯ ಮಾತಿಗೆ ಆಧಾರವು ದೊರೆಯಲಿಲ್ಲ. ಆದರೆ ಕುರಾನನ್ನು ಅನುಚಿತವಾಗಿ ನಡೆಸಿಕೊಂಡ 5 ಪ್ರಸಂಗಗಳು ನಿಜವೆಂದು ಅವರೇ ಒಪ್ಪಿದರು. ಒಬ್ಬ ಕೈದಿಯ ಗ್ರಂಥವನ್ನು ಕಾಲಿನಿಂದ ಒದೆಯಲಾಗಿತ್ತು. ವಿಚಾರಣಾಧಿಕಾರಿಯೊಬ್ಬನು ಒಂದು ಪ್ರತಿಯನ್ನು ತುಳಿದಿದ್ದನು. ಕಾವಲುಗಾರನ ಮೂತ್ರವು ಗಾಳಿಕಿಂಡಿಯ ಮೂಲಕ ಕೈದಿಯ ಮೇಲೂ ಗ್ರಂಥದ ಮೇಲೂ ಸಿಡಿದಿತ್ತು. ಕೈದಿಗಳೇ ತಮ್ಮ ಪ್ರತಿಗಳನ್ನು ಅನುಚಿತವಾಗಿ ಉಪಯೋಗಿಸಿದ ಪ್ರಸಂಗಗಳೂ ಇದ್ದುವೆಂದು ಅದೇ ವಿಚಾರಣೆಯು ಹೇಳಿತು. ಅದಕ್ಕೂ ಮೊದಲು, 2002 ಮತ್ತು 2003ರಲ್ಲಿಯೇ, ಕೈದಿಗಳ ಇಂತಹ ದೂರುಗಳನ್ನು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಂಸ್ಥೆಯು ಅಮೇರಿಕಾದ ಅಧಿಕಾರಿಗಳ ಗಮನಕ್ಕೆ ತಂದಿತ್ತು. ಕುರಾನನ್ನು ಹೇಗೆ ಮುಟ್ಟಬೇಕು, ಹೇಗೆ ಇಡಬೇಕು ಎಂಬ ಲಿಖಿತ ನಿಯಮಗಳನ್ನು 2003ರ ಜನವರಿಯಲ್ಲಿ ಸೇನೆಯು ಹೊರಡಿಸಿದ್ದುದೇ, ಅಲ್ಲಿ ಏನೋ ಸರಿಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ. ಜಲಾಲಾಬಾದಿನ ದೊಂಬಿಗೆ ಆ ಟಿಪ್ಪಣಿಯೇ ಕಾರಣವೆನ್ನಲಾಗದೆಂದು ಆಫ್ಘಾನಿಸ್ತಾನದಲ್ಲಿದ್ದ ಅಮೇರಿಕಾದ ಸೇನಾಪತಿಯು ಅಭಿಪ್ರಾಯಪಟ್ಟಿದ್ದಾರೆಂದು ಅವರ ಮೇಲಣ ಜನರಲ್ ಮೈಯರ್ಸರೇ ಹೇಳಿದ್ದರು.

ಆದುದರಿಂದ ನಾವು ಈ ಪ್ರಸಂಗದಿಂದ ಕಲಿಯಬೇಕಾದ ಪಾಠವು ಒಂದಲ್ಲ, ಎರಡು. ಪತ್ರಿಕೆಯು ಸಿದ್ಧಪಡಿಸಲಾರದ ಮಾತನ್ನು ಅಚ್ಚು ಹಾಕಿತು, ಅದು ತಪ್ಪು. ಆ ತಪ್ಪಿನ ಮರೆಯಲ್ಲಿ, ಸಿದ್ಧವಾದ ತಪ್ಪುಗಳನ್ನೂ ಸರಕಾರದವರು ಮುಚ್ಚಿಬಿಡಲು ನೋಡಿದರು. ಅದು ಇನ್ನೂ ದೊಡ್ಡ ತಪ್ಪು. ಸುಳ್ಳು ಸುದ್ದಿಯೊಂದು ಮಾಡುವ ಅತ್ಯಂತ ಘೋರವಾದ ಕೇಡು ಇದೇ: ಅದು ನಿಜವಾದ ದೂರಿನ ಬೆಲೆಯನ್ನು ಕಳೆಯುತ್ತದೆ. ನಾಳೆ ಸೆರೆಯಾಳು ನಿಜವನ್ನೇ ಕೂಗಿ ಹೇಳಿದರೂ, ಇದೂ ಆ ಪತ್ರಿಕೆಯ ಸುದ್ದಿಯಂತೆಯೇ, ಎಂದು ನಗುವವರಿಗೆ ಅವಕಾಶವಾಗುತ್ತದೆ. ಪತ್ರಿಕೆಯ ಅಜಾಗರೂಕತೆಯ ದಂಡವನ್ನು ತೆರುವವನು ಸಂಪಾದಕನಲ್ಲ, ಕತ್ತಲೆಯ ಕೋಣೆಯಲ್ಲಿರುವ ಆ ಅನಾಥನು.

ಇದು ದೂರದೇಶದ ಮಾತು, ನಮಗೇಕೆ ಎಂದು ಕೇಳುವವರಿಗೆ ನಮ್ಮ ನಾಡಿನ ನೆನಪುಗಳು ಉತ್ತರ ಕೊಡುತ್ತವೆ. 1986ರ ಡಿಸೆಂಬರ್ 7ರ ಭಾನುವಾರ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಮಲೆಯಾಳದಿಂದ ಅನುವಾದವಾದ ಒಂದು ಸಣ್ಣಕಥೆಯು ಬಂದಿತು. ಕಥೆಯು ಪ್ರವಾದಿಯವರನ್ನು ಕುರಿತದ್ದಾಗಿರಲಿಲ್ಲ. ಆದರೆ ಅದರ ಶೀರ್ಷಿಕೆಯಲ್ಲಿ ಅವರ ಹೆಸರಿನೊಡನೆ ಒಂದು ಹೀನ ವಿಶೇಷಣವು ಸೇರಿಕೊಂಡಿತ್ತು. ಬೆಂಗಳೂರು ಹೊತ್ತಿ ಉರಿಯಿತು. ಉರಿಯು ಮೈಸೂರಿಗೂ ತಗಲಿತು. 15ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಪತ್ರಿಕೆಯು ಕ್ಷಮೆ ಕೇಳಿತು. 2010ರ ಮಾರ್ಚ್ 1ರಂದು ಶಿವಮೊಗ್ಗ, ಹಾಸನಗಳಲ್ಲಿ ಗಲಭೆಯಾಗಿ ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ಅದರ ಹಿಂದಿನ ದಿನ ‘ಕನ್ನಡಪ್ರಭ’ ಪತ್ರಿಕೆಯ ಪುರವಣಿಯಲ್ಲಿ ತಸ್ಲಿಮಾ ನಸ್ರೀನ್ ಅವರ ಹೆಸರಿನಲ್ಲಿ ಬುರ್ಖಾ ಪದ್ಧತಿಯನ್ನು ಕುರಿತ ಲೇಖನದ ಅನುವಾದವು ಬಂದಿತ್ತು. ತಾನು ಕರ್ನಾಟಕದ ಯಾವ ಪತ್ರಿಕೆಗೂ ಲೇಖನವನ್ನು ಬರೆದುಕೊಟ್ಟಿಲ್ಲವೆಂದು ಆ ಲೇಖಕಿಯು ಆಮೇಲೆ ಹೇಳಿದರು. ಮೂಲವನ್ನು ಬರೆದವರು ಯಾರು, ಎಂದು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬ ನಾಲ್ಕು ಮಾತುಗಳನ್ನು ಲೇಖನದ ಮೇಲ್ಭಾಗದಲ್ಲಿ ಅಚ್ಚು ಹಾಕುವುದಕ್ಕೆ ಎಷ್ಟು ಮಸಿ ಬೇಕು?

2012ರ ಆಗಸ್ಟಿನಲ್ಲಿ ಬೆಂಗಳೂರಿನ ರೈಲ್ವೆ ನಿಲ್ದಾಣದಲ್ಲಿ ಕಂಡ ದೃಶ್ಯವನ್ನು ಯಾರೂ ಮರೆತಿರಲಾರರು. ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಲಿದೆಯೆಂಬ ವದಂತಿಗೆ ಹೆದರಿ, ನಮ್ಮ ಕಾರ್ಖಾನೆ, ಕಚೇರಿ, ಹೋಟೆಲುಗಳ ಬಾಗಿಲು ಕಾಯುತ್ತಿದ್ದ, ಅಡಿಗೆ ಮಾಡುತ್ತಿದ್ದ, ಓದುತ್ತಿದ್ದ ಈಶಾನ್ಯ ರಾಜ್ಯಗಳ ಯುವಕ ಯುವತಿಯರು ಸಾವಿರಗಟ್ಟಲೆಯಾಗಿ ಗುವಾಹಟಿಯ ರೈಲು ಹತ್ತಿದರು. ಎಲ್ಲಿಯದೋ ಚಿತ್ರವನ್ನು ಇನ್ನೆಲ್ಲಿಯದೋ ಎಂದು ಹೇಳಿ ಹಂಚಲಾಗಿತ್ತು. ಆ ಸಲ ಸುಳ್ಳನ್ನು ಹರಡಿದುದು ಅಚ್ಚಿನ ಯಂತ್ರವಲ್ಲ, ಜೇಬಿನ ಯಂತ್ರ. ಭಾರತ ಸರಕಾರವು 15 ದಿನಗಳ ಕಾಲ ಒಟ್ಟಿಗೆ 5ಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸಕೂಡದೆಂದು ಕಟ್ಟು ಮಾಡಬೇಕಾಯಿತು. ಒಬ್ಬೊಬ್ಬ ಪ್ರಜೆಯೂ ತನ್ನ ಅಂಗೈಯಲ್ಲಿ ಒಂದೊಂದು ಮುದ್ರಣಾಲಯವನ್ನು ಹೊತ್ತಿರುವ ಈ ಕಾಲದಲ್ಲಿ, ಪತ್ರಿಕಾಧರ್ಮವು ಪತ್ರಕರ್ತರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ.

ಸೆರೆಯಾಳುಗಳ ಧರ್ಮವನ್ನು ಕುರಿತ ವಿವಾದವಂತೂ ನಮ್ಮ ನಾಡಿಗೆ ಹಳೆಯದು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಹೈದರನ ಸೈನ್ಯಕ್ಕೆ ಸೋತ ಇಂಗ್ಲಿಷ್ ಕಂಪೆನಿಯ ಸೈನಿಕರು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. 1784ರ ಮಂಗಳೂರು ಕೌಲಿನ ಮೇರೆಗೆ ಅನೇಕರು ಬಿಡುಗಡೆಯಾದರು. ಆಮೇಲೆ ಆ ಕಾಲದ ಸೆರೆಯಿಂದ ಪಾರಾದ ಜೇಮ್ಸ್ ಬ್ರಿಸ್ಟೋ 1793ರಲ್ಲಿಯೂ, ಜೇಮ್ಸ್ ಸ್ಕರಿ ಎಂಬಾತನ ಹೆಸರಿನಲ್ಲಿ 1824ರಲ್ಲಿಯೂ ಹೊರಬಂದ ವೃತ್ತಾಂತಗಳು, ಕೈದಿಗಳಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿದರೆಂದು ಸಾರಿದುವು. ಅವನ್ನು ಇಂಗ್ಲೆಂಡಿನ ಪತ್ರಿಕೆಗಳೂ ಗ್ರಂಥಕರ್ತರೂ ತಮ್ಮ ರಾಜಕೀಯಕ್ಕೆ ಧಾರಾಳವಾಗಿ ಉಪಯೋಗಿಸಿಕೊಂಡರು. ಇವುಗಳಲ್ಲಿ ಎಷ್ಟು ಅನುಭವ, ಎಷ್ಟು ಅಲಂಕಾರ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ವೇದಿಕೆಗಳ ಮೇಲೆ ರಾಜಕಾರಣಿಗಳು ಇಂದಿಗೂ ಜಗಳವಾಡುತ್ತಿದ್ದಾರೆ. ಏಕೆ? ಅಂದು ಇಬ್ಬರಿಗೂ ಸೇರದ ಮೂರನೆಯವನೊಬ್ಬನು ಒಳಗೆ ಹೋಗಿ, ಕಂಡುದನ್ನು ಕಂಡಂತೆ ಬರೆದಿಡಲಿಲ್ಲ. ಕಾಲಕ್ಕೆ ಸರಿಯಾಗಿ ವಿಚಾರಣೆ ನಡೆಯದ ದೂರು ಸಾಯುವುದಿಲ್ಲ. ಎರಡು ಶತಮಾನಗಳ ಮೇಲೂ ಎದ್ದು ಬರುತ್ತದೆ.

ಹಾಗಾದರೆ ಇದಕ್ಕೆ ಪರಿಹಾರವೇನು? ಅಧಿಕಾರಿವರ್ಗದವರಿಗೆ ತಟ್ಟನೆ ಹೊಳೆಯುವ ಪರಿಹಾರವು ಬಾಯಿಕಟ್ಟು. 1908ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ವೃತ್ತಪತ್ರಿಕೆಗಳ ಶಾಸನವನ್ನು ಮಾಡಿತು. ಅದನ್ನು ಪ್ರತಿಭಟಿಸಿ ತಾತಯ್ಯನವರೆಂದು ನಾಡೆಲ್ಲ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಶಾಸನದಿಂದ ಸುಳ್ಳು ಸತ್ತಿತೆಂದು ಯಾರೂ ಹೇಳಿಲ್ಲ; ಒಳ್ಳೆಯ ಪತ್ರಿಕೆಗಳು ಸತ್ತುದನ್ನು ಎಲ್ಲರೂ ಬಲ್ಲರು. 2025ರ ಜೂನಿನಲ್ಲಿ ಕರ್ನಾಟಕದಲ್ಲಿ ಬಹಿರಂಗವಾದ ಸುಳ್ಳುಸುದ್ದಿ ನಿಷೇಧದ ಕರಡು ಮಸೂದೆಯಲ್ಲಿ 7 ವರ್ಷಗಳವರೆಗಿನ ಸೆರೆವಾಸವನ್ನೂ, ಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರವನ್ನೂ ಸೂಚಿಸಲಾಗಿತ್ತು. ತನ್ನ ವಿಷಯದ ಸುದ್ದಿಗಳಲ್ಲಿ ಯಾವುದು ಸುಳ್ಳೆಂದು ಸರಕಾರವೇ ತೀರ್ಮಾನಿಸುವಂತೆ ಭಾರತ ಸರಕಾರವು 2023ರಲ್ಲಿ ಮಾಡಿದ್ದ ನಿಯಮವನ್ನು ಬೊಂಬಾಯಿಯ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಪಕ್ಷಗಳು ಬೇರೆಯಾದರೂ ಅಧಿಕಾರದ ಆಸೆಯು ಒಂದೇ. ಸೆರೆಮನೆಯ ಯಜಮಾನನೇ ಸೆರೆಮನೆಯ ಸುದ್ದಿಯ ಪರೀಕ್ಷಕನಾದರೆ ನ್ಯಾಯವು ಎಲ್ಲಿ ಉಳಿಯಿತು?

ಬಾಯಿಕಟ್ಟು ಬೇಡವೆಂದ ಮಾತ್ರಕ್ಕೆ ಪತ್ರಿಕೆಗಳಿಗೆ ಲಗಾಮೇ ಬೇಡವೆಂದು ನಾವು ಹೇಳುವುದಿಲ್ಲ. ಈಗಿರುವ ಲಗಾಮು ಎಷ್ಟು ಸಡಿಲವೆಂಬುದನ್ನು ನೋಡಿರಿ. 1978ರ ಶಾಸನದಿಂದ ರಚಿತವಾದ ಭಾರತೀಯ ಪತ್ರಿಕಾ ಮಂಡಲಿಯು ತಪ್ಪು ಮಾಡಿದ ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಬುದ್ಧಿ ಹೇಳಬಹುದು, ಖಂಡಿಸಬಹುದು. ಒಂದು ಕಾಸಿನ ದಂಡವನ್ನೂ ಹಾಕಲಾರದು. ದೂರದರ್ಶನದ ಸುದ್ದಿವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಆ ವಾಹಿನಿಗಳು ತಾವೇ ಕಟ್ಟಿಕೊಂಡ ಮಂಡಲಿಯು, 2020ರಲ್ಲಿ ಸಾಂಕ್ರಾಮಿಕದ ಕಾಲದ ತಬ್ಲೀಗ್ ಜಮಾತ್ ಪ್ರಕರಣವನ್ನು ಪ್ರಸಾರ ಮಾಡಿದ ರೀತಿಗಾಗಿ ಎರಡು ಕನ್ನಡ ವಾಹಿನಿಗಳಿಗೆ 1 ಲಕ್ಷ ಮತ್ತು 50 ಸಾವಿರ ರೂಪಾಯಿಗಳ ದಂಡವನ್ನು ವಿಧಿಸಿತು. ಆಜ್ಞೆಯು ಹೊರಬಂದುದು 2021ರ ಜೂನಿನಲ್ಲಿ. ಪ್ರಸಾರಕ್ಕೂ ಶಿಕ್ಷೆಗೂ ನಡುವೆ ವರ್ಷಕ್ಕಿಂತ ಹೆಚ್ಚಿನ ಕಾಲವು ಕಳೆದಿತ್ತು. ಅಷ್ಟರಲ್ಲಿ ಎಷ್ಟು ನೆರೆಮನೆಗಳ ಬಾಗಿಲುಗಳು ಪರಸ್ಪರ ಮುಚ್ಚಿಕೊಂಡವೋ ಬಲ್ಲವರಾರು?

ಆದುದರಿಂದ ಪತ್ರಿಕೆಗಳು ತಮಗೆ ತಾವೇ ಕಟ್ಟುಗಳನ್ನು ಹಾಕಿಕೊಳ್ಳಬೇಕು. ಮತವನ್ನಾಗಲಿ ಸೆರೆಯಾಳನ್ನಾಗಲಿ ಕುರಿತು ಅಪಚಾರದ ಸುದ್ದಿ ಬಂದಾಗ, ಹೆಸರು ಹೇಳದ ಒಬ್ಬನ ಮಾತಿನ ಮೇಲೆ ಅದನ್ನು ಎಂದಿಗೂ ಅಚ್ಚು ಹಾಕಕೂಡದು. ಪರಸ್ಪರ ಸಂಬಂಧವಿಲ್ಲದ ಎರಡನೆಯ ಆಧಾರವು ಬೇಕು. ಅಧಿಕಾರಿಯ ಮೌನವನ್ನು ಒಪ್ಪಿಗೆಯೆಂದು ಎಣಿಸಕೂಡದು. ಉತ್ತರವನ್ನು ಬರೆವಣಿಗೆಯಲ್ಲಿ ಕೇಳಬೇಕು, ಕೊಡದಿದ್ದರೆ ಕೊಡಲಿಲ್ಲವೆಂದು ಬರೆಯಬೇಕು. ಅನುವಾದವಾದರೆ ಮೂಲದ ಹೆಸರು, ಊರು, ದಿನಾಂಕಗಳು ಜೊತೆಯಲ್ಲಿರಬೇಕು. ತಪ್ಪಾದಾಗ, ತಪ್ಪು ಎಷ್ಟು ದೊಡ್ಡ ಅಕ್ಷರಗಳಲ್ಲಿ ಯಾವ ಪುಟದಲ್ಲಿ ಬಂದಿತ್ತೋ ತಿದ್ದುಪಡಿಯೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಅದೇ ಪುಟದಲ್ಲಿ ಬರಬೇಕು. ಬೆಂಕಿಯನ್ನು ಮೊದಲ ಪುಟದಲ್ಲಿ ಹಚ್ಚಿ ನೀರನ್ನು ಒಳಪುಟದ ಮೂಲೆಯಲ್ಲಿ ಚಿಮುಕಿಸುವುದು ಯಾವ ನ್ಯಾಯ? ಮತ್ತು ಯಾವ ಭಾಗವು ತಪ್ಪು, ಯಾವ ಭಾಗವು ನಿಂತಿದೆ ಎಂಬುದನ್ನು ಆ ತಿದ್ದುಪಡಿಯು ಸ್ಪಷ್ಟವಾಗಿ ಹೇಳಬೇಕು. ‘ದಿ ಹಿಂದೂ’ ಪತ್ರಿಕೆಯು 2006ರಲ್ಲಿ ವಾಚಕರ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಒಬ್ಬರನ್ನು ನೇಮಿಸಿತು. ಕನ್ನಡದ ದೊಡ್ಡ ದಿನಪತ್ರಿಕೆಗಳೂ ಈ ಮೇಲ್ಪಂಕ್ತಿಯನ್ನು ಅನುಸರಿಸುವುದು ಉಚಿತ. ಈ ಮಾತುಗಳು ಇತರರಿಗೆ ಹೇಗೋ ನಮಗೂ ಹಾಗೆಯೇ ಅನ್ವಯಿಸುತ್ತವೆ; ನಮ್ಮ ಅಂಕಣಗಳಲ್ಲಿ ತಪ್ಪು ಕಂಡವರು ನಮ್ಮನ್ನು ಈ ಅಳತೆಗೋಲಿನಿಂದಲೇ ಅಳೆಯಲಿ.

ಸರಕಾರದವರ ಕರ್ತವ್ಯವು ಇದಕ್ಕಿಂತ ಹಗುರವಾದುದಲ್ಲ. 1949ರ ಮೂರನೆಯ ಜಿನೀವಾ ಒಪ್ಪಂದವು ಯುದ್ಧಕೈದಿಗೆ ತನ್ನ ಧರ್ಮಾಚರಣೆಯಲ್ಲಿ ಪೂರ್ಣ ಸ್ವಾತಂತ್ರ್ಯವಿರಬೇಕೆಂದೂ, ಅವನನ್ನು ಅಪಮಾನಕ್ಕೂ ಜನರ ಕುತೂಹಲಕ್ಕೂ ಗುರಿಮಾಡಕೂಡದೆಂದೂ ವಿಧಿಸುತ್ತದೆ. ಭಾರತವು ಆ ಒಪ್ಪಂದಕ್ಕೆ ಸೇರಿ 1960ರಲ್ಲಿ ಅದಕ್ಕಾಗಿ ಶಾಸನವನ್ನೂ ಮಾಡಿದೆ. ಯುದ್ಧಕೈದಿಗೆ ಸಲ್ಲುವ ಮರ್ಯಾದೆಯು ವಿಚಾರಣೆಯನ್ನು ಇದಿರುನೋಡುತ್ತಿರುವ ನಮ್ಮದೇ ಪ್ರಜೆಗೆ ಸಲ್ಲದೆ? ಕೈದಿಯನ್ನು ಕಾಣಲು ಅವನ ಒಪ್ಪಿಗೆಯ ಮೇಲೆ ಪತ್ರಕರ್ತರಿಗೆ ಅವಕಾಶವಿರಬೇಕೆಂದು 1981ರಲ್ಲಿಯೇ ಪ್ರಭಾ ದತ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಾರಿ ತೋರಿಸಿದೆ. ಕಾರಾಗೃಹಗಳಿಗೆ ಹೊರಗಿನ ಸಂದರ್ಶಕರು ಹೋಗಿ ನೋಡುವ ಏರ್ಪಾಡು ನಿಯಮಗಳಲ್ಲಿಯೇ ಇದೆ. ಆ ಏರ್ಪಾಡು ಕಾಗದದ ಮೇಲೆ ಮಲಗಿರದೆ ಜೀವಂತವಾಗಿದ್ದರೆ, ಸಂದರ್ಶಕರ ವರದಿಗಳು ಕಾಲಕಾಲಕ್ಕೆ ಪ್ರಕಟವಾದರೆ, ವದಂತಿಯ ಅರ್ಧ ಬಲವು ತಾನಾಗಿಯೇ ಕುಗ್ಗುವುದು.

ದೂರು ಎದ್ದಾಗ ಹೇಗೆ ನಡೆಯಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಗಣಪತಿ ಪ್ರಕರಣದಿಂದ ಊರು ಕಲಕಿಹೋದಾಗ, ಮೈಸೂರು ಸರಕಾರವು ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಆಗಿನ ಸರಕಾರದ ಎಲ್ಲ ನಡತೆಗಳನ್ನೂ ನಾವು ಒಪ್ಪುವವರಲ್ಲ. ಆದರೆ ತನ್ನ ಮೇಲೆ ಬಂದ ದೂರನ್ನು ತಾನೇ ತೀರ್ಮಾನಿಸದೆ, ಜನರ ವಿಶ್ವಾಸವಿರುವ ಹೊರಗಿನವರ ಮುಂದಿಡಬೇಕೆಂಬ ತತ್ವವು ಅಲ್ಲಿ ಅಂಗೀಕೃತವಾಯಿತು. ಜನರಲ್ ಹುಡ್ಡರ ವಿಚಾರಣೆಗೆ ಇದ್ದ ಕೊರತೆಯು ಇದೇ. ಅವರು ಸ್ವತಃ ಆ ಶಿಬಿರದ ಅಧಿಪತಿಗಳು.

ಇಂತಹ ಸುದ್ದಿಗಳನ್ನು ಪ್ರಕಟಿಸದಿರುವುದೇ ಕ್ಷೇಮವೆಂದು ಕೆಲವು ಮಿತ್ರರು ಹೇಳುತ್ತಾರೆ. ಅವರ ಉದ್ದೇಶವು ಒಳ್ಳೆಯದು, ಉಪದೇಶವು ಒಳ್ಳೆಯದಲ್ಲ. ಕೂಗೇಳದಿದ್ದರೆ ಆ 5 ಪ್ರಸಂಗಗಳು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ. ಕಾವಲುಗಾರನ ಕೈಯನ್ನು ತಡೆಯುವುದು ಅನೇಕ ವೇಳೆ ಅವನ ಧರ್ಮಬುದ್ಧಿಯಲ್ಲ, ನಾಳೆ ಪತ್ರಿಕೆಯಲ್ಲಿ ಬಂದೀತೆಂಬ ಅಂಜಿಕೆ. ಆ ಅಂಜಿಕೆಯನ್ನು ತೆಗೆದುಹಾಕಿದರೆ ಸೆರೆಯಾಳಿಗೆ ಯಾರು ಗತಿ? ಆದರೆ ಆ ಅಂಜಿಕೆಗೆ ಬೆಲೆಯಿರುವುದು ಪತ್ರಿಕೆಯ ಮಾತು ನಿಜವೆಂಬ ನಂಬಿಕೆಯಿರುವವರೆಗೆ ಮಾತ್ರ. ಆ ನಂಬಿಕೆಯು ಪತ್ರಿಕೆಯ ಸ್ವಂತ ಸೊತ್ತಲ್ಲ, ಸೆರೆಯಲ್ಲಿರುವವರ ಪರವಾಗಿ ಅದು ಇಟ್ಟುಕೊಂಡಿರುವ ಒತ್ತೆ. ಅದನ್ನು ಒಂದು ದಿನದ ಸಂಚಿಕೆಯ ಬಿಕ್ರಿಗಾಗಿ ಮಾರಿಕೊಳ್ಳುವವನು ತನ್ನದಲ್ಲದುದನ್ನು ಮಾರಿದವನು.

ಎಲೆಕ್ಟ್ರಾನಿಕ್ ಸಿಟಿಯ ವಿದ್ಯಾವಂತ ತರುಣರಲ್ಲಿ ನಮ್ಮದೊಂದು ವಿಜ್ಞಾಪನೆ. ತಮ್ಮ ಕೆಲಸದಲ್ಲಿ ಒಂದು ಅಂಕೆಯು ತಪ್ಪಿದರೆ ಇಡೀ ಯಂತ್ರವೇ ದಾರಿ ತಪ್ಪುವುದೆಂದು ಅವರು ಬಲ್ಲರು. ಹತ್ತು ಸಲ ಪರೀಕ್ಷಿಸದೆ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಅದೇ ಎಚ್ಚರವನ್ನು, ಇನ್ನೊಬ್ಬರ ದೇವರ ವಿಷಯವಾಗಿ ಬಂದ ಸಂದೇಶವನ್ನು ಮುಂದಕ್ಕೆ ದಾಟಿಸುವ ಮೊದಲು ತೋರಿಸಲಿ. ಅಧಿಕಾರಿಗಳು ತಮ್ಮ ಸ್ವಾಧೀನದಲ್ಲಿರುವ ಬಾಗಿಲುಗಳನ್ನು ವಿಚಾರಣೆಗೆ ತೆರೆದಿಡಲಿ. ಪತ್ರಿಕೆಗಳು ಕಂಡುದನ್ನು ಹೇಳಲಿ, ಕಾಣದುದನ್ನು ಕಂಡೆವೆನ್ನದಿರಲಿ. ಮೂವರೂ ತಮ್ಮ ತಮ್ಮ ಧರ್ಮವನ್ನು ನಡೆಸಿದರೆ ಸೆರೆಯಲ್ಲಿರುವವನ ಧರ್ಮವೂ ಉಳಿದೀತು, ಹೊರಗಿರುವವರ ಶಾಂತಿಯೂ ಉಳಿದೀತು.